ಒದ್ದೆ ಗೋಣಿಯ ರಾತ್ರಿ

ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು. ಅದರ ಹಿಂದೆಯೇ ಫ್ಯಾನು, ಎದುರು ಮನೆಯ ಎ.ಸಿ., ಬೀದಿಯ ಕೊನೆಯಲ್ಲಿ ಹಾಡುತ್ತಿದ್ದ ಯಾರದೋ ರೇಡಿಯೊ, ಎಲ್ಲವೂ ಒಂದೇ ಉಸಿರಿಗೆ ಸತ್ತವು. ನಾನು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದೆ. ಕಾಲ ಬಳಿ ಇಪ್ಪತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು. ಬೆಳಗ್ಗೆ ಕುದಿಯುತ್ತಿದ್ದಾಗಲೇ ಅದಕ್ಕೆ ತುಂಬಿ ಮುಚ್ಚಳ ಬಿಗಿದಿದ್ದ ವರ್ಟು ಒಳಗೆ ಇನ್ನೂ ಬೇಯುತ್ತಿತ್ತು. ಅಂಗೈ ಇಟ್ಟೆ. ಮೂರು ಎಣಿಸುವಷ್ಟರಲ್ಲಿ ತೆಗೆದೆ.

2009ರ ಜನವರಿ 30, ಶುಕ್ರವಾರ. ಊರು ಮೆಲ್ಬರ್ನ್, ಅದರ ಪಶ್ಚಿಮದ ಸನ್‌ಶೈನ್ ಬಡಾವಣೆ. ಬುಧವಾರ 43.4 ಡಿಗ್ರಿ. ಗುರುವಾರ 44.3. ಅಂದು 45.1. ಸತತ ಮೂರು ದಿನ 43 ದಾಟಿದ್ದು ಆ ನಗರ ತಾಪಮಾನ ಬರೆದಿಡಲು ಶುರುಮಾಡಿದ ಮೇಲೆ ಅದೇ ಮೊದಲು. ರೈಲು ಹಳಿಗಳು ಬಿಸಿಗೆ ಹಿಗ್ಗಿ ಸೊಟ್ಟಗಾಗಿ ನೂರಾರು ರೈಲುಗಳು ರದ್ದಾಗಿದ್ದವು. ನಾನು ಕೆಲಸಕ್ಕೆ ಹೋಗದೆ ಮನೆಯಲ್ಲಿ ಇದ್ದದ್ದೇ ಆ ಕಾರಣಕ್ಕೆ. ಟಾಸ್ಮೇನಿಯಾ ದ್ವೀಪದಿಂದ ಸಮುದ್ರದಡಿಯ ಕೇಬಲ್ಲಿನಲ್ಲಿ ಬರುತ್ತಿದ್ದ ವಿದ್ಯುತ್ತು ಕೈಕೊಟ್ಟಿತ್ತು. ಸಂಜೆ ಸೌತ್ ಮೊರಾಂಗ್ ವಿದ್ಯುತ್ ಕೇಂದ್ರದಲ್ಲಿ ಸ್ಫೋಟವಾಗಿ ಲಕ್ಷಾಂತರ ಜನರ ಮನೆಗಳು ಕತ್ತಲಾದವು. ಇದೆಲ್ಲ ನನಗೆ ಗೊತ್ತಾದದ್ದು ಮರುದಿನ. ಆ ಗಳಿಗೆಯಲ್ಲಿ ಗೊತ್ತಿದ್ದದ್ದು ಇಷ್ಟೇ: ಫ್ರಿಜ್ಜು ಹೋಯಿತು, ಕ್ಯಾನು ಬಿಸಿಯಿದೆ, ರಾತ್ರಿ ಬರುತ್ತಿದೆ.

ಬಿಯರ್ ಕಾಯಿಸದವರಿಗೆ ಇದರಲ್ಲಿ ಎದೆಬಡಿತ ಏರುವಂಥದ್ದು ಏನಿದೆ ಅನ್ನಿಸಬಹುದು. ವರ್ಟು ಅಂದರೆ ಬಿಯರ್ ಆಗುವ ಮೊದಲಿನ ಸಿಹಿ ಕಷಾಯ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಹಾಪ್ಸ್ ಹೂವಿನ ಜೊತೆ ಕುದಿಸಿದ ರಸ. ಸಕ್ಕರೆ ತುಂಬಿದ ಈ ರಸ ಲೋಕದ ಸಕಲ ಸೂಕ್ಷ್ಮಜೀವಿಗೂ ಹಬ್ಬದೂಟ. ಎಂಬತ್ತು ಡಿಗ್ರಿ ಮೇಲಿರುವಷ್ಟು ಹೊತ್ತು ಯಾವುದೂ ಅದರ ಹತ್ತಿರ ಸುಳಿಯದು. ಇಪ್ಪತ್ತೈದಕ್ಕೆ ಇಳಿಸಿ ನಮ್ಮ ಯೀಸ್ಟನ್ನು ಬಿಟ್ಟರೆ ಅದೇ ಒಳಗೆ ಪಾಳೆಯ ಹೂಡಿ ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ. ಅಪಾಯ ಇರುವುದು ಈ ಎರಡರ ನಡುವೆ, ಐವತ್ತರಿಂದ ಮೂವತ್ತರವರೆಗಿನ ಇಳಿಜಾರಿನಲ್ಲಿ. ಅಲ್ಲಿ ಕಾವಲುಗಾರ ಇರುವುದಿಲ್ಲ. ನನ್ನ ಕ್ಯಾನು ಆ ಇಳಿಜಾರಿನ ನೆತ್ತಿಯಲ್ಲಿ ನಿಂತಿತ್ತು. ಹೊರಗಿನ ಗಾಳಿಯೇ ನಲವತ್ತರ ಮೇಲಿದ್ದಾಗ ಅದು ತಾನಾಗಿ ಇಳಿದು ಬರುವುದಾದರೂ ಎಲ್ಲಿಗೆ?

ಶುರುವಾದದ್ದು ಬೆಳಗಿನ ಮೂರು ಗಂಟೆಗೆ. ಸೋಮವಾರ ರಜೆಯಿತ್ತು. ಅವರಿಗೆ ಆಸ್ಟ್ರೇಲಿಯಾ ದಿನ, ನಮಗೆ ಗಣರಾಜ್ಯ ದಿನ. ಅಂದೇ ಯೀಸ್ಟನ್ನು ಚೂರು ವರ್ಟಿನಲ್ಲಿ ಎಬ್ಬಿಸಿ ಗಾಜಿನ ಬುರುಡೆಯಲ್ಲಿ ಬೆಳೆಸಿದ್ದೆ. ಎಬ್ಬಿಸಿದ ಯೀಸ್ಟು ಹಸಿದ ಕೂಸಿನ ಹಾಗೆ, ಬಹಳ ದಿನ ಕಾಯಿಸಬಾರದು. ಹಗಲು ಒಲೆ ಹಚ್ಚಲಾಗದು ಎಂದು ನಸುಕಿಗೂ ಮುಂಚೆ ಎದ್ದು ಅಡುಗೆಮನೆಯ ಗ್ಯಾಸಿನ ಮೇಲೆ ದೊಡ್ಡ ಹಂಡೆ ಇಟ್ಟೆ. ನಾಲ್ಕೂವರೆ ಕಿಲೋ ಬಾರ್ಲಿ ಮಾಲ್ಟು. ಅದರ ಜೊತೆ, ಯಾವ ಪುಸ್ತಕದಲ್ಲೂ ಇಲ್ಲದ ಅರ್ಧ ಕಿಲೋ ರಾಗಿ, ಮೊಳಕೆ ಕಟ್ಟಿ ಒಣಗಿಸಿ ನಾನೇ ಬೀಸಿದ್ದು. 65 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟೆ. ಮೊಳಕೆ ಒಡೆಯುವಾಗ ಕಾಳಿನೊಳಗೆ ಹುಟ್ಟಿದ ಕಿಣ್ವಗಳು ಅಷ್ಟು ಹೊತ್ತಿನಲ್ಲಿ ಹಿಟ್ಟನ್ನು ಸಕ್ಕರೆಯಾಗಿ ಕತ್ತರಿಸಿ ಹಾಕುತ್ತವೆ. ಹತ್ತು ಡಿಗ್ರಿ ಹೆಚ್ಚಾದರೆ ಆ ಕಿಣ್ವಗಳು ಸಾಯುತ್ತವೆ, ಕಡಿಮೆಯಾದರೆ ಕೆಲಸ ಸಾಗದು. ಹುರಿಹಿಟ್ಟು ಮಾಡುವ ಮನೆಯಲ್ಲಿ ಬೆಳೆದವನಿಗೆ ಆ ಪರಿಮಳ ಹೊಸದಲ್ಲ. ಮೆಲ್ಬರ್ನಿನ ಅಡುಗೆಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ನಮ್ಮೂರು ಕಾಮಗೆರೆಯ ಅಟ್ಟದ ವಾಸನೆ ಎದ್ದಿತು.

ಸೋಸಿ ಒಂದೂವರೆ ಗಂಟೆ ಕುದಿಸಿದೆ. ತಣಿಸದೆ ಮುಚ್ಚುವವರು ಕುದಿಯನ್ನು ಉದ್ದ ಮಾಡಬೇಕು. ಕಡಿಮೆ ಕಾವಿನಲ್ಲಿ ಒಣಗಿಸಿದ ಮಾಲ್ಟಿನಿಂದ ಬೆಂದ ಮೆಕ್ಕೆಜೋಳದ ವಾಸನೆಯ ಒಂದು ಗಂಧಕದ ಸಂಯುಕ್ತ ಹುಟ್ಟುತ್ತದೆ. ಅದು ಹಬೆಯ ಜೊತೆ ಹೊರಗೆ ಹೋಗದಿದ್ದರೆ ಕ್ಯಾನಿನೊಳಗೇ ಬಂದಿಯಾಗುತ್ತದೆ. ಹಾಪ್ಸ್ ಲೆಕ್ಕವೂ ಬೇರೆ. ಎಂಬತ್ತು ಡಿಗ್ರಿಯ ಮೇಲೆ ಗಂಟೆಗಟ್ಟಲೆ ನಿಲ್ಲುವ ರಸದಲ್ಲಿ ಹೂವು ಕಹಿ ಬಿಡುತ್ತಲೇ ಇರುತ್ತದೆ. ಅದಕ್ಕೆ ಕೊನೆಯ ಹಿಡಿಯನ್ನು ಇಪ್ಪತ್ತು ನಿಮಿಷ ತಡವಾಗಿ, ಎಷ್ಟೋ ಸಲ ನೇರ ಕ್ಯಾನಿಗೇ, ಹಾಕುವುದು.

ಆಮೇಲೆ ಬಂತು ನಾನು ಯಾವಾಗಲೂ ಉಸಿರು ಬಿಗಿಹಿಡಿದು ಮಾಡುವ ಕೆಲಸ. ನಮ್ಮಪ್ಪ ಕೊಳ್ಳೇಗಾಲದ ರೇಷ್ಮೆ ನೂಲು ಬಿಚ್ಚುವ ಕಡೆ ದುಡಿದವರು. ಗೂಡು ಕುದಿಯುವ ಬಾಣಲೆಯಲ್ಲಿ ಎಳೆ ಹುಡುಕುತ್ತ ಅವರ ಬೆರಳ ತುದಿಗಳು ಬಿಳಿಚಿ, ಸುಕ್ಕಾಗಿ, ಗೆರೆಗಳೇ ಅಳಿಸಿಹೋಗಿದ್ದವು. ಬಿಸಿನೀರಿಗೆ ಬೆನ್ನು ತೋರಿಸಬೇಡ ಎಂದು ಅವರು ಹೇಳಿದ್ದು ನನ್ನ ಕಿವಿಯಲ್ಲೇ ಇರುತ್ತದೆ. ದಪ್ಪ ಬೂಟು, ಮೊಣಕೈವರೆಗೆ ಕೈಗವಸು, ಹಂಡೆಯ ನಲ್ಲಿಯಿಂದ ಕ್ಯಾನಿನ ತಳದವರೆಗೆ ಸಿಲಿಕೋನ್ ಕೊಳವೆ. 96 ಡಿಗ್ರಿಯ ರಸ ಸದ್ದಿಲ್ಲದೆ ಇಳಿಯಿತು. ಈ ಪ್ಲಾಸ್ಟಿಕ್ಕು ಊಟದ ಪದಾರ್ಥಕ್ಕೆಂದೇ ಮಾಡಿದ ಗಟ್ಟಿ ಪಾಲಿಥಿನ್. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇರಲೇಬೇಕು. ಕುದಿನೀರಿಗೆ ಕರಗುವುದಿಲ್ಲ, ಆದರೆ ಮೆತ್ತಗಾಗಿ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಕಂಠದವರೆಗೆ ತುಂಬಿ, ಮಂಡಿಯಲ್ಲಿ ಒತ್ತಿ ಒಳಗಿನ ಗಾಳಿಯನ್ನು ಹೊರಗೆ ನೂಕಿ, ರಸ ಅಂಚಿಗೆ ಬಂದ ಕ್ಷಣವೇ ಮುಚ್ಚಳ ಬಿಗಿದೆ. ಮಗ್ಗುಲಾಗಿ ಮಲಗಿಸಿದೆ. ಹಿಡಿಕೆಯ ಟೊಳ್ಳಿನೊಳಗೆ, ಮುಚ್ಚಳದ ಒಳಮೈಗೆ, ಮೂಲೆಮೂಲೆಗೆ ಕುದಿರಸ ಹೋಗಿ ಕಾಲು ಗಂಟೆ ನಿಂತರೆ ಅಲ್ಲಿದ್ದ ಕಾಡು ಯೀಸ್ಟು, ಹುಳಿ ಹಿಡಿಸುವ ಬ್ಯಾಕ್ಟೀರಿಯಾ ಎಲ್ಲ ಸಾಯುತ್ತವೆ. ಏಳೂವರೆಗೆ ಕೆಲಸ ಮುಗಿದಾಗ ಹೊರಗೆ ಆಗಲೇ ಮೂವತ್ತು ದಾಟಿತ್ತು.

ಬೇರೆ ದೇಶಗಳಲ್ಲಿ ಮನೆಯಲ್ಲಿ ಬಿಯರ್ ಮಾಡುವ ಹೆಚ್ಚಿನವರು ಹೀಗೆ ಮಾಡುವುದಿಲ್ಲ. ಕುದಿ ನಿಂತ ಕೂಡಲೇ ಹಂಡೆಯೊಳಗೆ ತಾಮ್ರದ ಸುರುಳಿ ಇಳಿಸಿ, ಅದರೊಳಗೆ ನಲ್ಲಿ ನೀರು ಹರಿಸಿ, ಅರ್ಧ ಗಂಟೆಯಲ್ಲಿ ತಣಿಸುತ್ತಾರೆ. ಇಪ್ಪತ್ತು ಲೀಟರ್ ರಸ ತಣಿಸಲು ನೂರು ಲೀಟರ್ ನೀರು ಚರಂಡಿಗೆ. ನಾನೂ ಒಮ್ಮೆ, ಒಂದೇ ಒಂದು ಸಲ, ಹಾಗೆ ಮಾಡಿದ್ದೆ. ಆ ನೀರು ಪೈಪಿನ ತುದಿಯಿಂದ ಹರಿದು ಹೋಗುತ್ತಿದ್ದಾಗ ನಿಂತು ನೋಡಲಾಗಲಿಲ್ಲ.

ಕಾಮಗೆರೆಯಲ್ಲಿ ನಾವು ನೀರನ್ನು ಲೀಟರಿನಲ್ಲಿ ಎಣಿಸುತ್ತಿರಲಿಲ್ಲ, ಕೊಡದಲ್ಲಿ ಎಣಿಸುತ್ತಿದ್ದೆವು. ಊರಿನ ಹತ್ತಿರವೇ ಗುಂಡಾಲ್ ಜಲಾಶಯ ಇದೆ ನಿಜ, ಮಳೆ ತಪ್ಪಿದ ವರ್ಷ ಅದರ ತಳದ ಬಿರುಕು ಕಾಣುತ್ತದೆ. ಅವ್ವನ ಸೊಂಟದಲ್ಲೊಂದು ಕೊಡ, ತಲೆಯ ಮೇಲೊಂದು. ನನ್ನ ಕೈಗೆ ಬಿಂದಿಗೆ. ಬೋರ್‌ವೆಲ್ಲಿನ ಮುಂದೆ ಸರದಿ. ನೂರು ಲೀಟರ್ ಅಂದರೆ ಏಳೆಂಟು ಕೊಡ. ಏಳೆಂಟು ಕೊಡ ನೀರನ್ನು ಒಂದು ಪಾತ್ರೆ ತಣಿಸಲು ಚೆಲ್ಲುವವನನ್ನು ನಮ್ಮ ಬೀದಿಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ.

ಆಸ್ಟ್ರೇಲಿಯಾದ ತೆಂಕಣ ಭಾಗಕ್ಕೂ ಆಗ 1997ರಿಂದ ಬರ ಹಿಡಿದಿತ್ತು. 2007ರ ಏಪ್ರಿಲ್ಲಿನಿಂದ ಮೆಲ್ಬರ್ನಿನಲ್ಲಿ ಹುಲ್ಲುಹಾಸಿಗೆ ನೀರು ಬಿಡುವುದೇ ನಿಷೇಧವಾಗಿತ್ತು. ಗಿಡಗಳಿಗೆ ವಾರಕ್ಕೆ ಎರಡು ದಿನ, ಗೊತ್ತಾದ ಹೊತ್ತಿನಲ್ಲಿ ಮಾತ್ರ ಬಿಡಬಹುದಿತ್ತು. 2009ರ ಆ ಬೇಸಗೆಯಲ್ಲಿ ತಲೆಗೆ ದಿನಕ್ಕೆ 155 ಲೀಟರ್ ದಾಟದಿರಿ ಎಂದು ಸರ್ಕಾರ ಕೈಮುಗಿದು ಕೇಳುತ್ತಿತ್ತು. ನಗರದ ಜಲಾಶಯಗಳಲ್ಲಿ ಇದ್ದದ್ದು ಮೂರನೇ ಒಂದರ ಆಸುಪಾಸು. ಬಿಸಿ ವರ್ಟನ್ನು ಹಾಗೇ ಮುಚ್ಚಿ, ತನ್ನ ಪಾಡಿಗೆ ತಣಿಯಲು ಬಿಡುವ ಪದ್ಧತಿ ಈ ದೇಶದ ಮನೆಮನೆಗಳಲ್ಲಿ ಬೇರೂರಿದ್ದು ನೀರಿಗೆ ಇಷ್ಟು ಬೆಲೆ ಬಂದ ಕಾಲದಲ್ಲಿ. ಮೊದಲ ಸಲ ಒಬ್ಬ ಸಹೋದ್ಯೋಗಿಯ ಮನೆಯಲ್ಲಿ ಅದನ್ನು ಕಂಡಾಗ ಪರದೇಶದಲ್ಲಿ ನೆಂಟನೊಬ್ಬ ಸಿಕ್ಕಂತಾಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಆಸ್ಟ್ರೇಲಿಯಾದಲ್ಲಿ ಸ್ವಂತ ಬಳಕೆಗೆ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ, ಭಟ್ಟಿ ಇಳಿಸುವಂತಿಲ್ಲ ಅಷ್ಟೆ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಊರಿಗೆ ಹೋದಾಗ ತಮ್ಮಂದಿರ ವಯಸ್ಸಿನ ಹುಡುಗರು ಕೇಳುತ್ತಾರೆ, ಅಣ್ಣ ಇಲ್ಲೂ ಮಾಡಿ ತೋರ್ಸಣ್ಣ ಅಂತ. ಇಲ್ಲ ಎನ್ನುತ್ತೇನೆ.

ಇನ್ನೂ ಒಂದು ಭಯ ಇತ್ತು. ಅದರ ಹೆಸರು ಬಾಟುಲಿಸಂ, ಮುಚ್ಚಿಟ್ಟ ಆಹಾರದಲ್ಲಿ ಹುಟ್ಟಬಹುದಾದ ವಿಷದಿಂದ ಬರುವ ಕಾಯಿಲೆ. ಪದಾರ್ಥವನ್ನು ಸೀಸೆಗೆ ತುಂಬಿ, ಮುಚ್ಚಿ, ಕಾಯಿಸಿದರೆ ಕೆಡುವುದಿಲ್ಲವೆಂದು ಫ್ರಾನ್ಸಿನ ಮಿಠಾಯಿಗಾರ ನಿಕೋಲಾ ಅಪೇರ್ 1810ರಲ್ಲೇ ಪುಸ್ತಕ ಬರೆದು ಲೋಕಕ್ಕೆ ಹೇಳಿದ್ದ. ಯಾಕೆ ಕೆಡುವುದಿಲ್ಲವೆಂದು ಅವನಿಗೆ ತಿಳಿದಿರಲಿಲ್ಲ. ಅದನ್ನು ಬಿಡಿಸಿ ಹೇಳಲು ಲೂಯಿ ಪಾಶ್ಚರ್ ಬರಬೇಕಾಯಿತು. 1876ರಲ್ಲಿ ಆತ ಬಿಯರಿನ ಮೇಲೆಯೇ ಒಂದು ಗ್ರಂಥ ಬರೆದ. ಆದರೆ ಕುದಿನೀರಿಗೂ ಸಾಯದ ಬೀಜಗಳಿವೆ. ಮಣ್ಣಿನಲ್ಲಿ, ಧಾನ್ಯದ ಧೂಳಿನಲ್ಲಿ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ಮಿನ ಬೀಜಾಣು ನೂರು ಡಿಗ್ರಿಯನ್ನು ತಡೆದುಕೊಂಡು ಕೂರುತ್ತದೆ. ಅದನ್ನು ಕೊಲ್ಲಲು ಪ್ರೆಶರ್ ಕುಕ್ಕರಿನ ಒತ್ತಡದಲ್ಲಿ 121 ಡಿಗ್ರಿ ಬೇಕು. ಗಾಳಿಯಿಲ್ಲದ, ಬೆಚ್ಚಗಿನ, ಹುಳಿ ಕಡಿಮೆಯಿರುವ ಜಾಗ ಸಿಕ್ಕಿದರೆ ಅದು ಎದ್ದು ವಿಷ ಉಗುಳುತ್ತದೆ. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಏಳುವುದಿಲ್ಲ. ವರ್ಟಿನದು ಐದರ ಮೇಲೆ. ಮುಚ್ಚಿದ ಕ್ಯಾನು, ಬೆಚ್ಚನೆಯ ಗ್ಯಾರೇಜು, ಹುಳಿಯಿಲ್ಲದ ರಸ, ಮೂರೂ ನನ್ನ ಮುಂದಿದ್ದವು. ಮುಚ್ಚಿಟ್ಟ ವರ್ಟನ್ನು ತಿಂಗಳುಗಟ್ಟಲೆ ಇಡುವವರಿದ್ದಾರೆ. ಏನೂ ಆಗಿಲ್ಲ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ತಣಿದ ದಿನವೇ ಯೀಸ್ಟು ಬಿಡಬೇಕು, ಅದು ಒಂದೆರಡು ದಿನದಲ್ಲಿ ಪಿಎಚ್ಚನ್ನು ಅಪಾಯದ ಗೆರೆಯಿಂದ ಕೆಳಗೆ ಎಳೆದು ತರುತ್ತದೆ. ಅಲ್ಲಿಯವರೆಗೆ ಗಡಿಯಾರ ಓಡುತ್ತಿರುತ್ತದೆ.

ಆ ಸಂಜೆ ಏಳೂ ಮುಕ್ಕಾಲಿಗೆ ಕ್ಯಾನಿನ ಮೈಗೆ ಒತ್ತಿ ಹಿಡಿದ ಥರ್ಮಾಮೀಟರು 55 ತೋರಿಸಿತು. ಗಡಿಯಾರ ಓಡಲು ಶುರುವಾಗುತ್ತಿತ್ತು.

ನಲ್ಲಿ ನೀರು ಹಿಡಿದೆ. ಬಿಸಿಲಿಗೆ ಕಾದ ಪೈಪಿನಿಂದ ಸ್ನಾನದ ನೀರಿನಷ್ಟು ಬೆಚ್ಚಗೆ ಬಂತು. ಮಂಜುಗಡ್ಡೆ? ಅಂಗಡಿಗಳು ಕತ್ತಲು. ಮೊಬೈಲಿಗೆ ಸಿಗ್ನಲ್ ಬಂದು ಹೋಗುತ್ತಿತ್ತು. ಗೋಡೆಯ ಮೇಲಿದ್ದ ಹಳೆಯ ತಂತಿಯ ಫೋನಿಗೆ ಮಾತ್ರ ಜೀವವಿತ್ತು. ಫೋನ್ ಕಾರ್ಡಿನ ಉದ್ದನೆಯ ನಂಬರನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಒತ್ತಿದೆ. ಊರಲ್ಲಿ ಮಧ್ಯಾಹ್ನ ಎರಡೂವರೆ.

“ಏನ್ ಮಗಾ, ಈ ವತ್ನಲ್ಲಿ?”

“ಕರೆಂಟ್ ಹೋಗದೆ ಕನವ್ವ. ಬೆಂಕಿ ಬಿಸಿಲು. ನಲ್ವತ್ತೈದು ಡಿಗ್ರಿ.”

“ಕರೆಂಟ್ ಇಲ್ಲಿ ದಿನಾಲೂ ಹೋಯ್ತದೆ. ಮಕ್ಕ ನೀರ್ ಹಾಕ್ಕಂಡು ಮನಿಕ.”

“ಅದಲ್ಲ ಅವ್ವ. ಒಂದ್ ಕ್ಯಾನ್ ಬಾರ್ಲಿ ಗಂಜಿ ಕಾಯಿಸಿ ಮಡಗಿವ್ನಿ. ಬೆಳಗಾಗದ್ರೊಳ್ಗೆ ತಣ್ಗಾಗ್ಬೇಕು. ಫ್ರಿಜ್ಜಿಲ್ಲ.”

ಅವ್ವ ಒಂದು ಕ್ಷಣ ಸುಮ್ಮನಿದ್ದಳು. ಯಾವ ಗಂಜಿ ಎಂದು ಅವಳಿಗೆ ಗೊತ್ತು. ಕೇಳಲಿಲ್ಲ.

“ಗೋಣಿಚೀಲ ಇಲ್ವಾ ಮನೇಲಿ?”

ನಾನು ಮಾತಾಡಲಿಲ್ಲ. ಕಣ್ಣ ಮುಂದೆ ಕೊಳ್ಳೇಗಾಲ–ಹನೂರು ರಸ್ತೆ ತೆರೆದುಕೊಂಡಿತು. ಶಿವರಾತ್ರಿಗೆ, ಯುಗಾದಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲುನಡಿಗೆಯಲ್ಲಿ ಹೋಗುವ ಪರಸೆ. ಉಘೇ ಮಾದಪ್ಪ ಎನ್ನುತ್ತ, ಕಾಲಿನ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ನಡೆಯುವ ಜನ. ರಸ್ತೆ ಬದಿಯಲ್ಲಿ ತೆಂಗಿನ ಗರಿಯ ಚಪ್ಪರ, ಅದರಡಿ ಅರವಟ್ಟಿಗೆ. ಸಾಲು ಹರವಿಗಳಲ್ಲಿ ನೀರು, ಮಜ್ಜಿಗೆ. ಪ್ರತಿ ಹರವಿಗೂ ಒದ್ದೆ ಗೋಣಿ ಸುತ್ತಿ ಅವ್ವ ಆಗಾಗ ಅದಕ್ಕೆ ಬೊಗಸೆ ನೀರು ಚಿಮುಕಿಸುತ್ತಿದ್ದಳು. ಸುಡು ಮಧ್ಯಾಹ್ನದಲ್ಲಿ ಅದರಿಂದ ತೆಗೆದ ನೀರು ಹಲ್ಲಿಗೆ ಜುಂ ಅನ್ನುತ್ತಿತ್ತು.

“ಒಳ್ಗೆ ಬ್ಯಾಡ, ಗಾಳೀಲಿ ಮಡಗು,” ಅಂದಳು. “ಗಾಳಿ ಒಣಗಿದ್ದಷ್ಟೂ ಬೇಗ ತಣೀತದೆ. ನೀರ್ ಸುರೀಬ್ಯಾಡ, ಚಿಮುಕ್ಸು.”

ಕಾರ್ಡಿನ ದುಡ್ಡು ಮುಗಿದು ಲೈನು ಕಡಿಯಿತು.

ಅಕ್ಕಿಯ ಚೀಲ! ಇಂಡಿಯನ್ ಅಂಗಡಿಯಿಂದ ತಂದ ಇಪ್ಪತ್ತು ಕಿಲೋ ಬಾಸ್ಮತಿಯ ಸೆಣಬಿನ ಚೀಲ. ಒಳಗಿದ್ದ ಅಕ್ಕಿಯನ್ನು ಹಾಸಿಗೆ ಹೊದಿಕೆಯ ಮೇಲೆ ಸುರಿದೆ. ನನ್ನ ಹೆಂಡತಿ ಬೆಳಗಿನ ಸ್ನಾನದಲ್ಲಿ ಬಕೆಟ್ಟಿನಲ್ಲಿ ಹಿಡಿದಿಟ್ಟಿದ್ದ ನೀರನ್ನು ತಂದಳು. ಗಿಡಕ್ಕೆ ಎಂದು ಹಿಡಿದಿಡುತ್ತಿದ್ದ ನೀರು ಅದು. ಸೋಪಿನ ನೀರು ಕ್ಯಾನಿನ ಬಾಯಿಗೆ ತಾಗಬಾರದಲ್ಲ, ಮುಚ್ಚಳದ ಮೇಲೆ ಪಾಲಿಥಿನ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದೆ. ಇಬ್ಬರೂ ಕ್ಯಾನನ್ನು ಎತ್ತಿ ಹಿತ್ತಲಿಗೆ ಸಾಗಿಸಿ ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿ, ಕೆಳಗೆ ಟಬ್ಬು ಇಟ್ಟು, ಗೋಣಿ ಸುತ್ತಿದೆವು. ಮುಸ್ಸಂಜೆಯ ಬೆಳಕಿನಲ್ಲಿ ಅದಕ್ಕೆ ನೀರು ಚಿಮುಕಿಸಿದೆ.

ಬಡಗಣ ಮರುಭೂಮಿಯ ಕಡೆಯಿಂದ ಬೀಸುವ ಆ ಗಾಳಿಗೆ ಮುಖ ಒಡ್ಡುವುದು ಕುಲುಮೆಯ ಬಾಯಿಗೆ ಮುಖ ಒಡ್ಡಿದಂತೆ. ಕಣ್ಣಿನ ತೇವ ಒಣಗುತ್ತದೆ. ಆದರೆ ಆ ಒಣಗಿಸುವ ಗುಣವೇ ಈಗ ನಮ್ಮ ಕಡೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ತನ್ನೊಂದಿಗೆ ಹೊತ್ತೊಯ್ಯುವ ಕಾವು ಇಪ್ಪತ್ತು ಲೀಟರ್ ವರ್ಟನ್ನು ಸುಮಾರು 28 ಡಿಗ್ರಿ ಇಳಿಸಬಲ್ಲದು. ತಾಮ್ರದ ಸುರುಳಿಯಲ್ಲಿ ನೂರು ಲೀಟರ್ ಹರಿದು ಮಾಡುವ ಕೆಲಸದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಒಂದು ಚೊಂಬು ನೀರು ಹಾರಿಹೋಗುತ್ತ ಮಾಡುತ್ತದೆ. ಲೆಕ್ಕವನ್ನು ನಾನು ಇಂಜಿನಿಯರಿಂಗ್ ಓದುವಾಗ ಬರೆದು ಪಾಸಾಗಿದ್ದೆ. ಗಾಳಿ ತೇವವಾಗಿದ್ದರೆ ಈ ಉಪಾಯ ನಡೆಯದು. ಮಂಗಳೂರಿನ ಕಡಲ ದಂಡೆಯಲ್ಲಿ ಗೋಣಿ ಒದ್ದೆಯಾಗಿಯೇ ಉಳಿಯುತ್ತದೆ. ಕಾಮಗೆರೆಯ ಬೇಸಗೆಗೆ, ಮೆಲ್ಬರ್ನಿನ ಬಿಸಿಗಾಳಿಗೆ ಮಾತ್ರ ಒಪ್ಪುವ ಉಪಾಯ.

ಒಂಬತ್ತು ಗಂಟೆಗೆ 44. ಗಂಟೆಗೆ ಒಂಬತ್ತು ಡಿಗ್ರಿಯಂತೆ ಬೀಳುತ್ತಿತ್ತು! ನಾನು ಹೆಂಡತಿಯ ಕೈ ಹಿಡಿದು ಕುಣಿಯುವುದೊಂದು ಬಾಕಿ. ಆಗ ಅವಳು ಅಂದಳು, “ರೀ, ನೋನ್ನಾ ಮನೆ ಕಿಟಕಿ ಯಾಕೆ ಮುಚ್ಚೇ ಇದೆ?”

ಬೇಲಿಯಾಚೆಯ ಇಟಲಿಯ ಅಜ್ಜಿ. ಬೀದಿಯ ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದದ್ದೇ ನೋನ್ನಾ ಅಂತ. ಎಂಬತ್ತು ದಾಟಿದ್ದರು, ಒಬ್ಬರೇ ಇದ್ದರು. ಹಿಂದಿನ ಎರಡು ದಿನವೂ ಎ.ಸಿ. ಸದ್ದು ಕೇಳುತ್ತಿತ್ತು ಎಂಬ ಧೈರ್ಯದಲ್ಲಿ ನಾವು ಹೋಗಿ ವಿಚಾರಿಸಿರಲಿಲ್ಲ. ಕರೆಂಟು ಹೋಗಿ ಎರಡು ಗಂಟೆ ಕಳೆದಿತ್ತು. ನಾನು ಡಬ್ಬದ ಮುಂದೆ ಕೂತು ಡಿಗ್ರಿ ಎಣಿಸುತ್ತಿದ್ದೆ. ಆ ನೆನಪು ಈಗಲೂ ಚುಚ್ಚುತ್ತದೆ.

ಬಾಗಿಲು ಬಡಿದೆವು. ಉತ್ತರವಿಲ್ಲ. ಬೇಲಿ ಹತ್ತಿ ಆಚೆ ಧುಮುಕಿದೆ. ಹಿತ್ತಿಲ ಬಾಗಿಲು ಚಿಲಕ ಹಾಕಿರಲಿಲ್ಲ. ಒಳಗೆ ಕಾಲಿಟ್ಟರೆ ಒಲೆಯೊಳಗೆ ಹೊಕ್ಕಂತೆ. ಅಡುಗೆಮನೆಯ ಕುರ್ಚಿಯಲ್ಲಿ ನೋನ್ನಾ ಒಂದು ಕಡೆ ವಾಲಿ ಕೂತಿದ್ದರು. ಮುಟ್ಟಿದೆ. ಮೈ ಕೆಂಡ, ಬೆವರು ಕಡಿಮೆ. ಕಣ್ಣು ಬಿಟ್ಟರು. ನನ್ನನ್ನು ಬೇರೆ ಯಾರದೋ ಹೆಸರು ಹಿಡಿದು ಕರೆದರು. ಬಿಸಿಲು ಹೊಡೆದವರು ತಬ್ಬಿಬ್ಬಾಗಿ ಮಾತಾಡಲು ಶುರುಮಾಡಿದರೆ ಅದು ಅಪಾಯದ ಗಂಟೆ ಎಂದು ಓದಿದ್ದೆ. ಹೆಂಡತಿ ತಂತಿಯ ಫೋನಿಗೆ ಓಡಿದಳು. 000ಗೆ ಸಂಪರ್ಕ ಸಿಕ್ಕಿತು. ಗಾಡಿ ಬರುತ್ತದೆ, ತಡವಾಗುತ್ತದೆ, ಅಲ್ಲಿಯವರೆಗೆ ಮೈ ಒದ್ದೆ ಮಾಡಿ ಗಾಳಿ ಹಾಕಿ ಎಂದರು. ಆ ರಾತ್ರಿ ಊರಿನ ತುಂಬ ಅದೇ ಕರೆ.

ಮೈ ಒದ್ದೆ ಮಾಡಿ, ಗಾಳಿ ಹಾಕಿ. ಅವ್ವ ಹೇಳಿದ್ದೂ ಅದನ್ನೇ.

ಎತ್ತಿಕೊಂಡು ಹೊರಗೆ ತಂದೆ. ಹಗುರವಾಗಿದ್ದರು, ಎರಡು ಕೊಡ ನೀರಿನಷ್ಟೂ ಭಾರವಿಲ್ಲ ಅನ್ನಿಸಿತು. ನಮ್ಮ ಹಿತ್ತಲಿನ ಮಡಿಸುವ ಮಂಚದ ಮೇಲೆ, ಕ್ಯಾನಿನ ಪಕ್ಕದಲ್ಲೇ ಮಲಗಿಸಿದೆವು. ಹತ್ತಿ ಸೀರೆಯೊಂದನ್ನು ಹರಿದು, ಒಳ್ಳೆಯ ನೀರಿನಲ್ಲಿ ಅದ್ದಿ ಕುತ್ತಿಗೆಗೆ, ಕಂಕುಳಿಗೆ, ಅಂಗಾಲಿಗೆ ಸುತ್ತಿದಳು ಹೆಂಡತಿ. ನಾನು ಪೆಟ್ಟಿಗೆಯ ರಟ್ಟು ಹಿಡಿದು ಬೀಸತೊಡಗಿದೆ. ಬೀಸು, ಚಿಮುಕಿಸು, ಬೀಸು. ಕೈ ಸೋತಾಗ ಅವಳು. ಅವಳ ಕೈ ಸೋತಾಗ ನಾನು. ನಡುವೆ ಎಡಗೈಯಲ್ಲಿ ಗೋಣಿಗೆ ಒಂದು ಬೊಗಸೆ. ಎಷ್ಟು ಹೊತ್ತು ಹೀಗೆ ನಡೆಯಿತೋ ತಿಳಿಯದು. ಒಮ್ಮೆ ನೋನ್ನಾ ಮೈ ನಡುಗಿತು. ಇಬ್ಬರೂ ಕೈ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಅವರು ಸ್ಪಷ್ಟವಾಗಿ, ನನ್ನದೇ ಹೆಸರು ಹಿಡಿದು, ನೀರು ಕೇಳಿದರು.

ಆಂಬುಲೆನ್ಸ್ ಬಂದಾಗ ಹತ್ತೂವರೆ. ಇಬ್ಬರು ಹುಡುಗರು, ಅಂಗಿ ಬೆನ್ನಿಗೆ ಅಂಟಿತ್ತು, ಕಣ್ಣು ಕೆಂಪಾಗಿದ್ದವು. ನಾಡಿ, ಒತ್ತಡ, ಜ್ವರ ನೋಡಿದರು. 38ಕ್ಕೆ ಇಳಿದಿತ್ತು. ಆಸ್ಪತ್ರೆಗೆ ಬರುತ್ತೀರಾ ಎಂದರು. ಒಲ್ಲೆ ಎಂದರು ನೋನ್ನಾ. ಇದನ್ನೇ ಬೆಳಗಿನವರೆಗೆ ಮುಂದುವರಿಸಿ, ಮಾತು ತಪ್ಪಿದರೆ ಕೂಡಲೇ ಕರೆಯಿರಿ ಎಂದು ಹೇಳಿ ಮುಂದಿನ ಕರೆಗೆ ಓಡಿದರು. ಆ ವಾರದ ಬಿಸಿಗೆ ವಿಕ್ಟೋರಿಯಾ ರಾಜ್ಯದಲ್ಲಿ ಎಂದಿನ ಸಾವುಗಳಿಗಿಂತ 374 ಹೆಚ್ಚು ಸಾವುಗಳಾದವು ಎಂದು ಆರೋಗ್ಯ ಇಲಾಖೆ ಆಮೇಲೆ ಲೆಕ್ಕ ಹಾಕಿತು, ಹೆಚ್ಚಿನವರು ವಯಸ್ಸಾದವರು. ಎಂಟು ದಿನದ ನಂತರ, ಫೆಬ್ರವರಿ 7ರ ಶನಿವಾರ, ನಗರದಲ್ಲಿ 46.4 ಡಿಗ್ರಿಯಾಯಿತು, ರಾಜ್ಯದ ಕಾಳ್ಗಿಚ್ಚಿಗೆ 173 ಜನ ಬಲಿಯಾದರು. ಆ ಬೇಸಗೆ ನೆನೆದರೆ ಇವತ್ತಿಗೂ ನನ್ನ ಬಾಯಿ ಒಣಗುತ್ತದೆ.

ಹನ್ನೊಂದಕ್ಕೆ 34. ಒಂದು ಗಂಟೆಗೆ 29. ಬೀಳುವ ವೇಗ ಕಡಿಮೆಯಾಯಿತು. ಕಾವು ಇಳಿದಂತೆ ಗೋಣಿಯ ನೀರೂ ನಿಧಾನಕ್ಕೆ ಹಾರುತ್ತದೆ. ಟಬ್ಬಿಗೆ ತೊಟ್ಟಿಕ್ಕಿದ ನೀರನ್ನೇ ಎತ್ತಿ ಎತ್ತಿ ಮತ್ತೆ ಚಿಮುಕಿಸುತ್ತಿದ್ದೆ. ನೋನ್ನಾ ನಿದ್ದೆ ಹೋಗಿದ್ದರು. ಅವರ ಉಸಿರನ್ನು ಹೆಂಡತಿ ಎಣಿಸುತ್ತಿದ್ದಳು, ಕ್ಯಾನಿನ ಡಿಗ್ರಿಯನ್ನು ನಾನು. ಆಗ ಟಕ್ ಎಂದು ಸದ್ದಾಯಿತು. ಬೆಚ್ಚಿಬಿದ್ದೆ. ಬಿರಿಯಿತೇ? ಟಾರ್ಚು ಬಿಟ್ಟು ಗೋಣಿ ಸರಿಸಿ ನೋಡಿದೆ. ಬೆಳಗ್ಗೆ ಉಬ್ಬಿದ್ದ ಕ್ಯಾನಿನ ಪಕ್ಕೆ ಒಳಕ್ಕೆ ಎಳೆದುಕೊಂಡಿತ್ತು, ಉಪವಾಸದ ಹೊಟ್ಟೆಯ ಹಾಗೆ. ತಣಿದ ರಸ ಕುಗ್ಗಿ ಒಳಗೆ ನಿರ್ವಾತವಾಗಿತ್ತು. ಮುಚ್ಚಳ ಎಲ್ಲೂ ಸೋರಿಲ್ಲ, ಒಂದು ಗುಟುಕು ಗಾಳಿಯೂ ಒಳಹೊಕ್ಕಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಪಕ್ಕೆ ಹೊರಕ್ಕೆ ಉಬ್ಬಿದ್ದರೆ ಒಳಗೆ ಯಾವುದೋ ಜೀವ ಕೂತಿದೆ ಎಂದರ್ಥ. ಆಗ ಎರಡನೇ ಮಾತಿಲ್ಲದೆ ಎಸೆಯಬೇಕಿತ್ತು.

ನಾಲ್ಕಕ್ಕೆ 26. ಐದಕ್ಕೆ 25.

ಈ ಬಿಯರಿಗೆ ನಾನು ಆರಿಸಿದ್ದು ಸೇಝಾನ್ ಯೀಸ್ಟು. ಬೆಲ್ಜಿಯಮ್ಮಿನ ರೈತರ ಮನೆಗಳಲ್ಲಿ ಬೇಸಗೆಯ ಆಳುಕಾಳುಗಳಿಗೆ ಹೊಲದಲ್ಲಿ ಕುಡಿಯಲು ಕೊಡುತ್ತಿದ್ದ ಬಿಯರಿನ ವಂಶದ್ದು, ನಮ್ಮಲ್ಲಿ ಗೇಯುವವರಿಗೆ ಅಂಬಲಿ ಹೊತ್ತು ತರುವಂತೆ. ಬೇರೆ ಎಷ್ಟೋ ಯೀಸ್ಟುಗಳಾದರೆ ಇಪ್ಪತ್ತರ ಮೇಲೆ ಮುಖ ಸಿಂಡರಿಸುತ್ತವೆ. ಇದು ಇಪ್ಪತ್ತೈದು, ಮೂವತ್ತರಲ್ಲೂ ಗೇಯುತ್ತದೆ. ಕೈಯನ್ನು ಮೊಣಕೈವರೆಗೆ ತೊಳೆದೆ. ಪಾಲಿಥಿನ್ ಬಿಚ್ಚಿ ಮುಚ್ಚಳಕ್ಕೆ ಸ್ಪಿರಿಟ್ ಸವರಿ ಒರೆಸಿದೆ. ತಿರುಗಿಸಿದಾಗ ಕ್ಯಾನು ಇಪ್ಪತ್ತೆರಡು ಗಂಟೆಗಳ ಬಳಿಕ ಮೊದಲ ಉಸಿರನ್ನು ಸುಯ್ಯೆಂದು ಎಳೆದುಕೊಂಡಿತು. ಮೂಸಿದೆ. ಬೆಲ್ಲ, ಹುರಿದ ರಾಗಿ, ಕಿತ್ತಳೆ ಸಿಪ್ಪೆ. ಹುಳಿಯ ಸುಳಿವಿಲ್ಲ. ಎತ್ತರದಿಂದ ಧಾರೆಯಾಗಿ ಹುದುಗಿನ ಪಾತ್ರೆಗೆ ಸುರಿದೆ. ಕುದಿಯುವಾಗ ಕಳೆದುಕೊಂಡ ಆಮ್ಲಜನಕ ಅದಕ್ಕೆ ಮರಳಿ ಸೇರಬೇಕು, ಯೀಸ್ಟಿಗೆ ಮೊದಲ ದಿನ ಅದು ಬೇಕೇ ಬೇಕು. ನೊರೆಯೆದ್ದ ಕಂದು ರಸದ ಮೇಲೆ ಗಾಜಿನ ಬುರುಡೆಯ ಕೆನೆಯಂಥ ಯೀಸ್ಟನ್ನು ಬಿಟ್ಟು, ಗಾಳಿಬಿರಡೆ ಸಿಕ್ಕಿಸಿದೆ.

ಬಕೆಟ್ಟಿನಲ್ಲಿ ನೋಡಿದೆ. ರಾತ್ರಿಯಿಡೀ ಖರ್ಚಾದದ್ದು ಅರ್ಧ ಕೊಡವೂ ಇಲ್ಲ. ಟಬ್ಬಿನಲ್ಲಿ ಉಳಿದದ್ದನ್ನು ನಿಂಬೆ ಗಿಡದ ಬುಡಕ್ಕೆ ಹಾಕಿದೆ.

ನೋನ್ನಾ ಎದ್ದು ಕೂತಿದ್ದರು. ಹೆಂಡತಿ ಉಳಿದಿದ್ದ ಮೊಳಕೆ ರಾಗಿ ಹಿಟ್ಟಿನಿಂದ ಅಂಬಲಿ ಕಾಸಿ, ಆರಿಸಿ, ಮಜ್ಜಿಗೆ, ಉಪ್ಪು ಬೆರೆಸಿ ತಂದಳು. ಅನುಮಾನದಿಂದ ಒಂದು ಗುಟುಕು ಕುಡಿದರು. ಆಮೇಲೆ ಲೋಟ ಕೆಳಗಿಡಲಿಲ್ಲ.

ಮಧ್ಯಾಹ್ನ ಕರೆಂಟು ಬಂದಿತ್ತು. ಫ್ರಿಜ್ಜು ಮತ್ತೆ ಗುಂಯ್‌ಗುಡುತ್ತಿತ್ತು. ಹೊಸ ಕಾರ್ಡು ಕೊಂಡು ತಂದು ನಂಬರು ಒತ್ತುತ್ತಿದ್ದಾಗ ಗ್ಯಾರೇಜಿನ ಮೂಲೆಯಿಂದ ಬುಳುಕ್ ಎಂದು ಸದ್ದು ಬಂತು. ಕಿವಿಗೊಟ್ಟು ನಿಂತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಯೀಸ್ಟು ಉಸಿರಾಡುತ್ತಿತ್ತು.

“ತಣ್ಗಾಯ್ತಾ ಮಗಾ?” ಅವ್ವ ಕೇಳಿದಳು.

“ಆಯ್ತು ಕನವ್ವ. ಗೋಣಿ ಸುತ್ತಿ ಮಡಗಿದ್ದೆ.” ನೋನ್ನಾ ವಿಷಯವನ್ನೂ ಹೇಳಿದೆ. ಅವ್ವ ಮಧ್ಯೆ ಮಾತಾಡದೆ ಪೂರ್ತಿ ಕೇಳಿಸಿಕೊಂಡಳು. ಕ್ಯಾನಿನ ಸುದ್ದಿಯನ್ನು ಆಮೇಲೆ ಎತ್ತಲೇ ಇಲ್ಲ.

“ಆ ಅಜ್ಜಿ ಏನಾರ ಉಂಡ್ಲಾ?”

“ಅಂಬಲಿ ಕುಡುದ್ಲು ಕನವ್ವ. ಎರಡು ಲೋಟ.”

“ಸಂದೇಗೂ ಒಂದ್ ಲೋಟ ಕೊಡು,” ಅಂದಳು ಅವ್ವ. “ಕಾರ್ಡ್ ದುಡ್ಡು ಮುಗಿಸ್ಬ್ಯಾಡ, ಹೋಗಿ ಕಾಸು.”